ಅಂಕ ಕಡಿಮೆ, ಕಾಮೆಂಟ್ ಇಲ್ಲ: ಆನ್‌ಲೈನ್ ಫೋಟೊ ಸ್ಪರ್ಧೆಯಲ್ಲಿ ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಲಕ್ಷಣ ಹೀಗಿರುತ್ತದೆ. ಫೋಟೊ ಕಳಿಸಿದಿರಿ, ವೋಟಿಂಗ್ ಮುಗಿಯಿತು, ಹತ್ತಕ್ಕೆ 4.7 ಬಂತು. ಕಾಮೆಂಟ್ ಜಾಗ ಖಾಲಿ. ಯಾರಿಗೆ ಏನು ಹಿಡಿಸಲಿಲ್ಲ, ಏನು ಸರಿಮಾಡಬೇಕು, ಒಂದೂ ಗೊತ್ತಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಕೆಲವರು "ಇವರಿಗೆಲ್ಲ ಫೋಟೊ ಅಂದ್ರೇನು ಅಂತಲೇ ಗೊತ್ತಿಲ್ಲ" ಅಂದುಬಿಡುತ್ತಾರೆ. ಇನ್ನು ಕೆಲವರು ತಮಗೆ ಈ ವಿದ್ಯೆ ಒಲಿಯಲಿಲ್ಲ ಅಂತ ಕ್ಯಾಮೆರಾ ಎತ್ತಿಡುತ್ತಾರೆ. ಎರಡೂ ಅವಸರದ ತೀರ್ಮಾನ. ಒಳ್ಳೆ ಕಣ್ಣಿರುವವರೇ ಹೀಗೆ ಬೇಸತ್ತು ನಿಲ್ಲಿಸಿಬಿಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾರೂ ಬಾಯಿ ಬಿಡದಿದ್ದರೂ ಫಲಿತಾಂಶದಲ್ಲಿ ಸುಳಿವು ಇದ್ದೇ ಇರುತ್ತದೆ. ಅಂಕಗಳು ಹೇಗೆ ಹಂಚಿಹೋಗಿವೆ ಅನ್ನುವುದು ಒಂದು ಸುಳಿವು. ಕಾಮೆಂಟ್ ಬರಲಿಲ್ಲ ಅನ್ನುವುದೇ ಇನ್ನೊಂದು ಸುಳಿವು. ಅವನ್ನು ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದು ಮುಖ್ಯ. ಬೇಗ ಮುಗಿಯುವ ಪರೀಕ್ಷೆಗಳನ್ನು ಮೊದಲು ಮಾಡಿ. ಫೈಲ್ ಕೆಟ್ಟಿದೆಯೇ ಅಂತ ನೋಡಲು ಐದು ನಿಮಿಷ ಸಾಕು. ಚಿತ್ರದಲ್ಲೇ ಸತ್ವ ಕಡಿಮೆಯೇ ಅಂತ ತಿಳಿಯಲು ದಿನಗಟ್ಟಲೆ ಬೇಕು. ಫೈಲ್ ನೋಡದೆ ಚಿತ್ರವನ್ನು ಬೈದುಕೊಳ್ಳಬೇಡಿ.

ಅಂಕ ನಿಜಕ್ಕೂ ಕಡಿಮೆಯೇ?

ನಮಗೆಲ್ಲ ಪರೀಕ್ಷೆಯ ಮಾರ್ಕ್ಸ್ ಓದುವ ಅಭ್ಯಾಸ. ಹತ್ತಕ್ಕೆ ಐದು ಬಂದರೆ ಜಸ್ಟ್ ಪಾಸ್ ಅಂತ ಅನ್ನಿಸುತ್ತದೆ. ಫೋಟೊ ಸ್ಪರ್ಧೆಯ ಅಂಕ ಹಾಗಲ್ಲ. ಅಲ್ಲಿ ಎಷ್ಟೋ ಜನ 5 ಅನ್ನು "ಪರವಾಗಿಲ್ಲ, ಸರಿಯಾಗಿದೆ" ಅನ್ನುವ ಅರ್ಥದಲ್ಲಿ ಕೊಡುತ್ತಾರೆ. ಹಾಗಾಗಿ ಬಂದ ಅಂಕವನ್ನು ಹತ್ತಕ್ಕೆ ಹೋಲಿಸಬೇಡಿ. ಆ ಸ್ಪರ್ಧೆಯ ಎಲ್ಲ ಫೋಟೊಗಳ ಸರಾಸರಿಗೆ ಹೋಲಿಸಿ. ಸೈಟು ಸರಾಸರಿ ತೋರಿಸದಿದ್ದರೆ ನಿಮ್ಮ ಸ್ಥಾನವನ್ನು ಒಟ್ಟು ಫೋಟೊಗಳ ಸಂಖ್ಯೆಯಿಂದ ಭಾಗಿಸಿ. 180 ಫೋಟೊಗಳಲ್ಲಿ 63ನೇ ಸ್ಥಾನ ಅಂದರೆ ನೀವು ಮೇಲಿನ ಶೇ. 35ರಲ್ಲಿ ಇದ್ದೀರಿ. ಅಂಕ 5.1 ಇರಬಹುದು, ಆದರೆ ಅಲ್ಲಿ ಹುಡುಕುವಂಥ ದೊಡ್ಡ ದೋಷ ಇಲ್ಲ.

ತೀರ್ಪುಗಾರರ ಸಮಿತಿ ಇರುವ ಸಲೂನ್‌ಗಳಲ್ಲಿ (ಫೋಟೊ ಸಂಘಗಳು ನಡೆಸುವ ಸ್ಪರ್ಧೆಗಳನ್ನು ಹೀಗೆ ಕರೆಯುತ್ತಾರೆ) ಲೆಕ್ಕ ಬೇರೆ. ಮೂವರು ತೀರ್ಪುಗಾರರು ತಲಾ 1ರಿಂದ 5ರವರೆಗೆ ಕೊಡುತ್ತಾರೆ ಅಂದುಕೊಳ್ಳಿ. ಒಟ್ಟು 15. ಆಕ್ಸೆಪ್ಟೆನ್ಸ್‌ಗೆ, ಅಂದರೆ ಆಯ್ಕೆಯಾಗಲು, ಗೆರೆ 11ಕ್ಕೆ ಎಳೆದಿದ್ದರೆ 10 ಬಂದ ಫೋಟೊಗೂ 4 ಬಂದ ಫೋಟೊಗೂ ಒಂದೇ ಉತ್ತರ ಬರುತ್ತದೆ: ಆಯ್ಕೆಯಾಗಿಲ್ಲ. 10 ಬಂದದ್ದು ಒಂದೇ ಒಂದು ಅಂಕದಿಂದ ತಪ್ಪಿಹೋಗಿದೆ. ರಿಪೋರ್ಟ್ ಕಾರ್ಡ್‌ನಲ್ಲಿ ನಿಮ್ಮ ಅಂಕದ ಜೊತೆಗೆ ಆ ವಿಭಾಗದ ಗೆರೆ ಎಷ್ಟಿತ್ತು ಅಂತ ತಪ್ಪದೆ ನೋಡಿ.

ವೋಟು ಹಾಕಿದವರ ಸಂಖ್ಯೆಯನ್ನೂ ನೋಡಬೇಕು. ವೋಟುಗಳು ಸರಾಸರಿಯಿಂದ ಸುಮಾರು 2 ಅಂಕ ಆಚೀಚೆ ಹರಡಿವೆ ಅಂತಿಟ್ಟುಕೊಳ್ಳಿ. ಈ 2 ಅನ್ನು ವೋಟುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸರಾಸರಿ ಎಷ್ಟು ಅಲುಗಾಡಬಹುದು ಅಂತ ಸಿಗುತ್ತದೆ. 16 ಜನ ವೋಟು ಹಾಕಿದ್ದರೆ 0.5. 100 ಜನ ಹಾಕಿದ್ದರೆ 0.2. ಅಂದರೆ 16 ವೋಟಿನ ಸ್ಪರ್ಧೆಯಲ್ಲಿ ಕಳೆದ ಸಲ 5.4, ಈ ಸಲ 5.0 ಬಂತು ಅಂತ ಚಿಂತೆ ಮಾಡುವುದರಲ್ಲಿ ಅರ್ಥವಿಲ್ಲ. ಅದೇ ಫೋಟೊವನ್ನು ಬೇರೆ 16 ಜನ ನೋಡಿದ್ದರೂ ಅಷ್ಟು ಏರುಪೇರು ಆಗುತ್ತಿತ್ತು.

ಅಂಕಗಳ ಹಂಚಿಕೆ ಓದುವುದು

ಯಾವ ಅಂಕವನ್ನು ಎಷ್ಟು ಜನ ಕೊಟ್ಟರು ಅಂತ ತೋರಿಸುವ ಸೈಟ್ ಆಗಿದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಇದನ್ನು ನೋಡದೆ ಬರೀ ಸರಾಸರಿ ನೋಡಿ ಹೋಗುವವರೇ ಜಾಸ್ತಿ. ಎರಡು ಫೋಟೊ ತೆಗೆದುಕೊಳ್ಳೋಣ. ಎರಡಕ್ಕೂ 20 ಜನ ವೋಟು ಹಾಕಿದ್ದಾರೆ.

ಮೊದಲನೆಯದಕ್ಕೆ ಐದು ಜನ 4, ಹತ್ತು ಜನ 5, ಐದು ಜನ 6 ಕೊಟ್ಟರು. ಸರಾಸರಿ 5.

ಎರಡನೆಯದಕ್ಕೆ ಏಳು ಜನ 2, ಮೂವರು 3, ಮೂವರು 7, ಏಳು ಜನ 8 ಕೊಟ್ಟರು. ಸರಾಸರಿ ಮತ್ತೆ 5.

ಅಂಕ ಒಂದೇ, ಕಾಯಿಲೆ ಬೇರೆ. ಮೊದಲನೆಯದನ್ನು ನೋಡಿ ಯಾರಿಗೂ ಏನೂ ಅನ್ನಿಸಿಲ್ಲ. ಎರಡನೆಯದು ಅರ್ಧ ಜನಕ್ಕೆ ತುಂಬಾ ಹಿಡಿಸಿದೆ, ಅರ್ಧ ಜನಕ್ಕೆ ಕೋಪ ತರಿಸಿದೆ. ಎರಡನೆಯ ಫೋಟೊದಲ್ಲಿ ತಪ್ಪು ಹುಡುಕಿ ತಿದ್ದಲು ಹೋದರೆ ಆ ಹತ್ತು ಜನ ಮೆಚ್ಚಿದ್ದನ್ನೇ ಕಿತ್ತುಹಾಕುವ ಅಪಾಯ ಇದೆ. ಅದನ್ನು ಹಾಗೇ ಇಟ್ಟುಕೊಂಡು ಬೇರೆ ಸ್ಪರ್ಧೆಗೆ ಕಳಿಸಿ.

ಮೂರನೆಯ ಥರದ ಹಂಚಿಕೆಯೂ ಉಂಟು. 14 ಜನ 6 ಕೊಟ್ಟಿದ್ದಾರೆ, ಆರು ಜನ 1 ಕೊಟ್ಟಿದ್ದಾರೆ. ಸರಾಸರಿ 4.5ಕ್ಕೆ ಬಿತ್ತು. ನಡುವೆ 2, 3, 4 ಯಾವುದೂ ಇಲ್ಲ. ಹೀಗೆ ತಳದಲ್ಲಿ ಒಂದು ಗುಂಪು ಬೇರೆಯಾಗಿ ನಿಂತಿದ್ದರೆ ಫೋಟೊ ಚೆನ್ನಾಗಿಲ್ಲ ಅನ್ನುವ ಕಾರಣಕ್ಕೆ ಹಾಗಾಗಿರುವುದು ಕಡಿಮೆ. ಜಾಸ್ತಿ ಸಲ ಅದು ಥೀಮ್‌ಗೆ ಹೊಂದಿಲ್ಲ ಅಥವಾ ನಿಯಮ ಮುರಿದಿದೆ ಅಂತ ಅವರಿಗೆ ಅನ್ನಿಸಿರುತ್ತದೆ.

"ಯಾರೋ ಬೇಕಂತಲೇ 1 ಕೊಟ್ಟು ಕೆಡಿಸಿದರು" ಅನ್ನುವ ಮಾತು ಸ್ಪರ್ಧೆಗಳಲ್ಲಿ ಸದಾ ಕೇಳುತ್ತದೆ. ಅದನ್ನೂ ಲೆಕ್ಕ ಹಾಕಿಯೇ ನೋಡಿ. 19 ಜನ 6 ಕೊಟ್ಟು ಒಬ್ಬರು 1 ಕೊಟ್ಟರೆ ಸರಾಸರಿ 5.75. ಕಾಲು ಅಂಕ ಹೋಯಿತು. 100 ಜನರಲ್ಲಿ ಒಬ್ಬರು ಹಾಗೆ ಮಾಡಿದರೆ ಹೋಗುವುದು 0.05. ಮೊದಲ ಮೂರು ಸ್ಥಾನಕ್ಕೆ ಪೈಪೋಟಿ ನಡೆಸುತ್ತಿರುವವರಿಗೆ ಇದು ನೋವಿನ ವಿಷಯ, ಒಪ್ಪುತ್ತೇನೆ. ಆದರೆ 4.7 ಬಂದ ಫೋಟೊಗೆ ಇದು ಕಾರಣ ಆಗಲಾರದು.

ಹಂಚಿಕೆ ತೋರಿಸದ ಸೈಟಿನಲ್ಲಿ ಫೇವರಿಟ್ ಗುರುತು ನೋಡಿ. ಸರಾಸರಿ ಕಡಿಮೆ ಇದ್ದೂ ಫೇವರಿಟ್‌ಗಳು ಬಂದಿದ್ದರೆ ಅದು ಎರಡನೆಯ ಥರದ ಫೋಟೊ ಇರಬಹುದು.

ಅವರು ನೋಡಿದ್ದೇ ಬೇರೆ ಫೋಟೊ ಇರಬಹುದು

ಈಗ ಫೈಲ್. ನಿಮ್ಮ ಕಂಪ್ಯೂಟರ್‌ನಲ್ಲಿ ಇರುವುದನ್ನು ನೋಡಬೇಡಿ. ಸ್ಪರ್ಧೆಯ ಪುಟದಿಂದ ನಿಮ್ಮದೇ ಫೋಟೊ ಡೌನ್‌ಲೋಡ್ ಮಾಡಿ. ಅದನ್ನೂ ಮೂಲವನ್ನೂ ಅಕ್ಕಪಕ್ಕ ತೆರೆದು ನೋಡಿ. ವೋಟು ಹಾಕಿದವರು ನೋಡಿದ್ದು ಈ ಡೌನ್‌ಲೋಡ್ ಆದ ಪ್ರತಿಯನ್ನು.

ಬಣ್ಣ ಮಂಕಾಗಿದೆಯೇ? ಹಸಿರು, ಕೆಂಪು ಎರಡೂ ಸಪ್ಪೆಯಾಗಿ, ಮುಖಕ್ಕೆ ಕಳೆ ಇಲ್ಲದಂತೆ ಕಂಡರೆ ಕಲರ್ ಸ್ಪೇಸ್ ಕಾರಣ, ಅಂದರೆ ಫೈಲ್‌ನಲ್ಲಿರುವ ಬಣ್ಣದ ಸಂಖ್ಯೆಗಳನ್ನು ಓದುವ ಪದ್ಧತಿ. ವೆಬ್‌ಗೆ ಬೇಕಾದದ್ದು ಎಸ್‌ಆರ್‌ಜಿಬಿ. ಫೈಲ್ ಅಡೋಬಿ ಆರ್‌ಜಿಬಿಯಲ್ಲಿ ಇದ್ದು, ಸೈಟು ಅಪ್‌ಲೋಡ್ ಆಗುವಾಗ ಪ್ರೊಫೈಲ್ (ಫೈಲ್ ಯಾವ ಕಲರ್ ಸ್ಪೇಸಿನದು ಅಂತ ಹೇಳುವ ಚೀಟಿ) ಕಿತ್ತುಹಾಕಿದರೆ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ ಅಂತಲೇ ಓದುತ್ತದೆ, ಬಣ್ಣ ಇಳಿದುಹೋಗುತ್ತದೆ. ಪ್ರೊಫೋಟೊ ಆರ್‌ಜಿಬಿಯಾದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಗುರುತಿಸಲು ಒಂದು ಸುಲಭ ಉಪಾಯ ಇದೆ. ಕ್ಯಾನನ್, ನಿಕಾನ್ ಕ್ಯಾಮೆರಾಗಳನ್ನು ಅಡೋಬಿ ಆರ್‌ಜಿಬಿಗೆ ಸೆಟ್ ಮಾಡಿದ್ದರೆ ಫೈಲ್ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಆ ಗೆರೆ ನೋಡಿರುತ್ತಾರೆ, ಯಾಕೆ ಅಂತ ಯೋಚಿಸಿರುವುದಿಲ್ಲ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯುವವರಿಗೆ ಕ್ಯಾಮೆರಾದ ಈ ಸೆಟ್ಟಿಂಗ್‌ನಿಂದ ತೊಂದರೆ ಇಲ್ಲ. ಅವರು ಎಕ್ಸ್‌ಪೋರ್ಟ್ ಮಾಡುವಾಗ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಇದೆಯೇ ಅಂತ ನೋಡಿದರೆ ಸಾಕು.

ಕತ್ತಲಾಗಿದೆಯೇ? ನನ್ನ ಅಂದಾಜಿನಲ್ಲಿ, ಕಾರಣ ತಿಳಿಯದೆ ಕಡಿಮೆ ಅಂಕ ಪಡೆಯುವ ಫೋಟೊಗಳಲ್ಲಿ ಇದೇ ಜಾಸ್ತಿ. ಮಾನಿಟರ್ ಬ್ರೈಟ್‌ನೆಸ್ ಪೂರ್ತಿ ಏರಿಸಿ ಎಡಿಟ್ ಮಾಡಿದರೆ ಫೋಟೊ ಬೆಳಗಾಗಿ ಕಾಣುತ್ತದೆ, ಹಾಗಾಗಿ ನೀವು ಅದನ್ನು ತಗ್ಗಿಸಿಬಿಡುತ್ತೀರಿ. ಸಾಧಾರಣ ಬ್ರೈಟ್‌ನೆಸ್‌ನ ಪರದೆಯಲ್ಲಿ ನೋಡುವವರಿಗೆ ನೆರಳೆಲ್ಲ ಮಸಿಯಾಗುತ್ತದೆ. ಎಡಿಟಿಂಗ್‌ಗೆ ಸಾಮಾನ್ಯವಾಗಿ ಹೇಳುವ ಮಟ್ಟ 80ರಿಂದ 120 ನಿಟ್ಸ್ (ಪರದೆಯ ಬೆಳಕಿನ ಅಳತೆ). ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಏರಿಸಿದರೆ ಅದರ ಎರಡು ಮೂರು ಪಟ್ಟು ಸುಲಭವಾಗಿ ಹೋಗುತ್ತದೆ. ಇದರ ಜೊತೆಗೆ ಇನ್ನೊಂದು ಮೋಸ ಇದೆ. ಎಡಿಟಿಂಗ್ ಸಾಫ್ಟ್‌ವೇರ್‌ನ ಕಪ್ಪು ಬೂದು ಹಿನ್ನೆಲೆಯಲ್ಲಿ ಫೋಟೊ ನಿಜಕ್ಕಿಂತ ಬೆಳಗಾಗಿ ಕಾಣುತ್ತದೆ. ಅದೇ ಫೋಟೊ ಬಿಳಿ ಪುಟದ ಮೇಲೆ ಕತ್ತಲಾಗಿ ಕಾಣುತ್ತದೆ. ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಫೋಟೊದ ಸುತ್ತಲಿನ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಹಿನ್ನೆಲೆಯನ್ನು ಬಿಳಿ ಮಾಡಿಕೊಳ್ಳಬಹುದು. ಮಾಡಿ ನೋಡಿ, ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಪರದೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಹಿಸ್ಟೋಗ್ರಾಮ್ ನೋಡಿ, ಅಂದರೆ ಎಡಗಡೆ ಕತ್ತಲು, ಬಲಗಡೆ ಬೆಳಕು ಎಷ್ಟಿದೆ ಅಂತ ಗುಡ್ಡದ ಆಕಾರದಲ್ಲಿ ತೋರಿಸುವ ನಕ್ಷೆ. ಗುಡ್ಡವೆಲ್ಲ ಎಡಗಡೆಯ ಮೂರನೇ ಒಂದು ಭಾಗದಲ್ಲಿ ಕೂಡಿದ್ದು, ಬಲಗಡೆ ಪೂರ್ತಿ ಖಾಲಿ ಇದ್ದರೆ, ನೀವು ಬೇಕಂತಲೇ ಕತ್ತಲ ಚಿತ್ರ ಮಾಡಿಲ್ಲವಾದರೆ, ಫೈಲ್ ಕತ್ತಲಾಗಿದೆ.

ಮಸುಕಾಗಿದೆಯೇ? ಸೈಟು 1200 ಪಿಕ್ಸೆಲ್‌ಗೆ ತೋರಿಸುತ್ತದೆ, ನೀವು 6000 ಪಿಕ್ಸೆಲ್‌ನ ಫೋಟೊ ಹಾಕಿದ್ದೀರಿ ಅಂದರೆ ಕುಗ್ಗಿಸುವ ಕೆಲಸವನ್ನು ಸರ್ವರ್ ತನಗೆ ಬಂದಂತೆ ಮಾಡುತ್ತದೆ. ಅಂಚುಗಳು ಮೆತ್ತಗಾಗುತ್ತವೆ. ನೀವೇ ಬೇಕಾದ ಅಳತೆಗೆ ಕುಗ್ಗಿಸಿ, ಕುಗ್ಗಿಸಿದ ಮೇಲೆ ಸ್ವಲ್ಪ ಶಾರ್ಪನ್ ಮಾಡಿ ಹಾಕಿ. ಸ್ವಲ್ಪ ಅಂದರೆ ಸ್ವಲ್ಪವೇ. ಮರದ ಕೊಂಬೆಗೂ ಆಕಾಶಕ್ಕೂ ನಡುವೆ ಬಿಳಿ ಗೆರೆ ಎದ್ದರೆ ಮಿತಿ ಮೀರಿತು ಅಂತ.

ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಂಡರೆ ಕಂಪ್ರೆಷನ್ ಜಾಸ್ತಿಯಾಗಿದೆ, ಅಥವಾ 8 ಬಿಟ್ ಫೈಲನ್ನೇ (ಜೆಪೆಗ್ ಥರದ್ದು) ಎಡಿಟಿಂಗ್‌ನಲ್ಲಿ ತುಂಬಾ ಎಳೆದಾಡಿದ್ದೀರಿ. ಎಫ್/16, ಎಫ್/22ರಂಥ ಸಣ್ಣ ಲೆನ್ಸ್ ರಂಧ್ರದಲ್ಲಿ ತೆಗೆದಿದ್ದರೆ ಸೆನ್ಸರ್ ಮೇಲಿನ ದೂಳು ಆಕಾಶದಲ್ಲಿ ಬೂದು ಚುಕ್ಕೆಯಾಗಿ ಕೂತಿರುತ್ತದೆ. ಒಂದೇ ಒಂದು ಚುಕ್ಕೆ ಸಾಕು, ಪರಿಚಯ ಇರುವ ಕಣ್ಣು ಒಂದು ಅಂಕ ಕಡಿಮೆ ಮಾಡಿ ಮುಂದೆ ಹೋಗುತ್ತದೆ. ಯಾರೂ ನಿಂತು ಬರೆಯುವುದಿಲ್ಲ.

ನಿಯಮ ಮತ್ತು ಥೀಮ್

ತಳದಲ್ಲಿ 1, 2ರ ಗುಂಪು ಇದ್ದವರು ಇದನ್ನು ಗಮನವಿಟ್ಟು ಓದಿ.

ಕಂಬದ ಮೇಲೆ ಕೂತ ಮಿಂಚುಳ್ಳಿಯ ಫೋಟೊ ನೇಚರ್ ವಿಭಾಗಕ್ಕೆ ಹೋಗುತ್ತದೆ ಅಂದುಕೊಳ್ಳಿ. ಬೆಳಕು ಚೆನ್ನಾಗಿದೆ, ಕಣ್ಣು ಶಾರ್ಪ್ ಇದೆ, ಬಾಯಲ್ಲಿ ಮೀನೂ ಇದೆ. ಕಂಬ ಸಿಮೆಂಟಿನದು. ಪಿಎಸ್‌ಎ, ಫಿಯಾಪ್, ಆರ್‌ಪಿಎಸ್ ಈ ಮೂರೂ ಫೋಟೊಗ್ರಫಿ ಸಂಸ್ಥೆಗಳು ಒಪ್ಪಿಕೊಂಡ ನೇಚರ್ ವ್ಯಾಖ್ಯೆಯ ಪ್ರಕಾರ ಮನುಷ್ಯ ಮಾಡಿದ ವಸ್ತು ಫ್ರೇಮಿನಲ್ಲಿ ಇರಬಾರದು. ಆ ವಸ್ತುವೇ ಪ್ರಕೃತಿಯ ಕಥೆಯ ಭಾಗವಾಗಿದ್ದರೆ ಮಾತ್ರ ಪರವಾಗಿಲ್ಲ. ಹಾಗಂತ ಕಂಬವನ್ನು ಎಡಿಟಿಂಗ್‌ನಲ್ಲಿ ಅಳಿಸುವಂತೆಯೂ ಇಲ್ಲ. ಕ್ಲೋನ್ ಮಾಡಿ (ಪಕ್ಕದ ಜಾಗವನ್ನು ನಕಲಿಸಿ ಮುಚ್ಚಿ) ತೆಗೆಯುವುದು, ಹೊಸದಾಗಿ ಸೇರಿಸುವುದು ಎರಡಕ್ಕೂ ಅಲ್ಲಿ ಅವಕಾಶ ಇಲ್ಲ. ಕ್ರಾಪ್ ಮಾಡಬಹುದು, ದೂಳಿನ ಚುಕ್ಕೆ ತೆಗೆಯಬಹುದು. ಇಷ್ಟು ಒಳ್ಳೆಯ ಮಿಂಚುಳ್ಳಿಗೆ ಮೂವರೂ ತೀರ್ಪುಗಾರರು ಕೆಳಗಿನ ಅಂಕ ಕೊಟ್ಟು ಸುಮ್ಮನಾಗುತ್ತಾರೆ. ಅದೇ ಫೋಟೊ ಓಪನ್ ವಿಭಾಗದಲ್ಲಿ ಆಯ್ಕೆಯಾಗಬಹುದು. ಫೋಟೊ ಬದಲಾಗಬೇಕಿಲ್ಲ, ವಿಭಾಗ ಬದಲಾದರೆ ಸಾಕು.

ಮಾನೋಕ್ರೋಮ್ ವಿಭಾಗದಲ್ಲೂ ಇಂಥ ಗುಂಡಿ ಇದೆ. ಇಡೀ ಚಿತ್ರಕ್ಕೆ ಒಂದೇ ಬಣ್ಣದ ಟೋನ್ ಕೊಟ್ಟರೆ ಅದು ಮಾನೋಕ್ರೋಮ್ ಆಗಿಯೇ ಉಳಿಯುತ್ತದೆ. ಕಪ್ಪು ಬಿಳುಪಿನ ನಡುವೆ ಕೆಂಪು ಛತ್ರಿಯೊಂದನ್ನು ಬಣ್ಣದಲ್ಲಿ ಬಿಟ್ಟರೆ ಅದು ಕಲರ್ ಫೋಟೊ.

ನಿಯಮವನ್ನು ಸ್ಪರ್ಧೆಗಳು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತವೆ ಅನ್ನುವುದಕ್ಕೆ 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ ನೋಡಿ. ಕೊನೆಯದಕ್ಕಿಂತ ಹಿಂದಿನ ಸುತ್ತಿಗೆ ಬಂದ ಫೋಟೊಗಳಲ್ಲಿ ಶೇ. 20ರಷ್ಟನ್ನು ಅತಿಯಾದ ಎಡಿಟಿಂಗ್ ಕಾರಣಕ್ಕೆ ಹೊರಗೆ ಹಾಕಿದರು. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಸೋನಿ ವರ್ಲ್ಡ್ ಫೋಟೊಗ್ರಫಿ ಅವಾರ್ಡ್ಸ್‌ನಲ್ಲಿ ಗೆದ್ದ ತಮ್ಮ ಚಿತ್ರ ಎಐ ಬಳಸಿ ಮಾಡಿದ್ದು ಅಂತ ಹೇಳಿ ಬಹುಮಾನ ನಿರಾಕರಿಸಿದರು. ಇಂಥವು ಆದ ಮೇಲೆ ನೋಡುವವರಿಗೂ ಅನುಮಾನ ಬಂದಿದೆ. ಚರ್ಮದ ರಂಧ್ರವೆಲ್ಲ ಮಾಯವಾಗುವಷ್ಟು ನುಣುಪು ಮಾಡಿದ ಮುಖ, ಎಲ್ಲಿಂದ ಬಂತು ಅಂತ ತಿಳಿಯದ ಹೊಳಪು ಕಂಡರೆ ಅಪ್ಪಟ ಕ್ಯಾಮೆರಾ ಫೋಟೊಗೂ ಅಂಕ ಬೀಳುವುದಿಲ್ಲ. ನಾಯ್ಸ್ ರಿಡಕ್ಷನ್, ಸ್ಕಿನ್ ಸ್ಮೂತಿಂಗ್ ಸ್ಲೈಡರ್‌ಗಳನ್ನು ಅರ್ಧಕ್ಕೆ ಇಳಿಸಿ.

ಥೀಮ್‌ಗೆ ಒಂದು ಸಣ್ಣ ಪರೀಕ್ಷೆ ಸಾಕು. ಥೀಮ್ ಗೊತ್ತಿಲ್ಲದ ಯಾರಿಗಾದರೂ ಫೋಟೊವನ್ನು ಎರಡು ಸೆಕೆಂಡ್ ತೋರಿಸಿ, ಮುಚ್ಚಿ, ಮೂರು ಪದ ಹೇಳಲು ಹೇಳಿ. ಥೀಮ್‌ನ ಪದ ಅಥವಾ ಅದರ ಹತ್ತಿರದ್ದು ಬರದಿದ್ದರೆ, ಶೀರ್ಷಿಕೆ ಓದಿದ ಮೇಲೆ ಮಾತ್ರ ಅರ್ಥವಾಗುವ ಫೋಟೊ ನಿಮ್ಮದು. ನೂರಾರು ಫೋಟೊ ಸರಿಸುತ್ತಾ ಹೋಗುವವರು ಶೀರ್ಷಿಕೆ ಓದುತ್ತಾರೆ ಅಂತ ನಂಬುವಂತಿಲ್ಲ.

ಈಗ ಚಿತ್ರದೊಳಗೆ

ಫೈಲ್ ಸರಿ ಇದೆ, ನಿಯಮ ಸರಿ ಇದೆ. ಇನ್ನು ಚಿತ್ರವನ್ನೇ ಬಿಡಿಸಿ ನೋಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿರುವ ಅಜ್ಜಿ. ತೆಗೆದವರಿಗೆ ಅದರಲ್ಲಿ ಎಲ್ಲವೂ ಕಾಣುತ್ತದೆ: ಕಿರಿದು ಮಾಡಿದ ಕಣ್ಣು, ನಡುಗುವ ಬೆರಳು, ಸೂಜಿಯ ಕಣ್ಣಿನ ಹತ್ತಿರ ಬಂದು ನಿಂತ ದಾರದ ತುದಿ. ಸ್ಪರ್ಧೆಯಲ್ಲಿ 4.9.

ಮೊದಲ ಪರೀಕ್ಷೆ, ಇಡೀ ಫೋಟೊವನ್ನು ಚೆನ್ನಾಗಿ ಬ್ಲರ್ ಮಾಡುವುದು. 2000 ಪಿಕ್ಸೆಲ್ ಅಗಲದ ಫೋಟೊಗೆ ಗಾಸಿಯನ್ ಬ್ಲರ್ 40ರಷ್ಟು ಕೊಡಿ. ವಿವರ ಎಲ್ಲ ಹೋಗಿ ಬೆಳಕು ಕತ್ತಲ ಗುಡ್ಡೆಗಳು ಮಾತ್ರ ಉಳಿಯುತ್ತವೆ. ಎಲ್ಲಕ್ಕಿಂತ ಬೆಳಗಿರುವ ಗುಡ್ಡೆ ಎಲ್ಲಿದೆ ನೋಡಿ. ಅಜ್ಜಿಯ ಮುಖದಲ್ಲಿ ಇಲ್ಲ, ಎಡ ಅಂಚಿನಲ್ಲಿ ಇದೆ. ಬ್ಲರ್ ತೆಗೆದರೆ ಅಲ್ಲಿ ಅರ್ಧ ಕತ್ತರಿಸಿದ ಬಿಳಿ ಪ್ಲಾಸ್ಟಿಕ್ ಕುರ್ಚಿ. ತೆಗೆದವರ ಗಮನವೆಲ್ಲ ಬೆರಳಿನ ಮೇಲೆ ಇತ್ತು, ಕುರ್ಚಿ ಕಂಡೇ ಇರಲಿಲ್ಲ. ಹೊಸದಾಗಿ ನೋಡುವವರ ಕಣ್ಣು ಮೊದಲು ಹೋಗುವುದೇ ಕುರ್ಚಿಗೆ. ಎಡಗಡೆಯಿಂದ ಹತ್ತನೇ ಒಂದು ಭಾಗ ಕ್ರಾಪ್ ಮಾಡಿದರೆ ಕುರ್ಚಿ ಹೋಗುತ್ತದೆ. ಕ್ರಾಪ್‌ಗೆ ಜಾಗವಿಲ್ಲದಿದ್ದರೆ ಬ್ರಷ್‌ನಿಂದ ಆ ಜಾಗದ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ.

ಎರಡನೆಯ ಪರೀಕ್ಷೆ ಅಳತೆಯದು. ಮೂಲದಲ್ಲಿ ಫೋಟೊ 6000 ಪಿಕ್ಸೆಲ್ ಅಗಲ, ದಾರ 6 ಪಿಕ್ಸೆಲ್ ದಪ್ಪ. ಸ್ಪರ್ಧೆಯ ಪುಟದಲ್ಲಿ 1200 ಪಿಕ್ಸೆಲ್‌ಗೆ ಕುಗ್ಗಿದಾಗ ದಾರ 1.2 ಪಿಕ್ಸೆಲ್. 300 ಪಿಕ್ಸೆಲ್‌ನ ಥಂಬ್‌ನೇಲ್‌ನಲ್ಲಿ ಅದು ಇಲ್ಲವೇ ಇಲ್ಲ. ದಾರ ಇಲ್ಲದಿದ್ದರೆ ಕಥೆ ಏನು? ಅಜ್ಜಿ ಸುಮ್ನೆ ಬೆರಳು ನೋಡುತ್ತಾ ಕೂತಿದ್ದಾರೆ. ದೊಡ್ಡ ಪ್ರಿಂಟ್‌ನಲ್ಲಿ ಈ ಫೋಟೊ ಮನಸ್ಸು ಕಲಕುತ್ತದೆ, ಪರದೆಯ ಮೇಲೆ ಮೂಕವಾಗುತ್ತದೆ. ಆನ್‌ಲೈನ್‌ಗೆ ಕಳಿಸುವಾಗ ಸೊಂಟದಿಂದ ಮೇಲೆ ಅಥವಾ ಮುಖ ಮತ್ತು ಕೈ ಮಾತ್ರ ಬರುವ ಹಾಗೆ ಬಿಗಿಯಾಗಿ ಕ್ರಾಪ್ ಮಾಡಬೇಕು. ದಾರದ ಹಿಂದೆ ಕತ್ತಲ ಜಾಗ ಬರುವಂಥ ಫ್ರೇಮ್ ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ಫೋಟೊವನ್ನು ಥಂಬ್‌ನೇಲ್ ಅಳತೆಗೆ ಇಳಿಸಿ, ಅದೇ ಸ್ಪರ್ಧೆಯ ಬೇರೆ ಹತ್ತಿಪ್ಪತ್ತು ಫೋಟೊಗಳ ನಡುವೆ ಇಟ್ಟು ನೋಡಿ. ನಿಮ್ಮದು ಏನು ಅಂತ ಗೊತ್ತಾಗುತ್ತಿದೆಯೇ? ಅಷ್ಟೇ ಪ್ರಶ್ನೆ.

ಶಾರ್ಪ್ ಇಲ್ಲ ಅನ್ನಿಸಿದರೆ ಯಾವ ಥರದ ಮಸುಕು ಅಂತ ಬೇರ್ಪಡಿಸಿ. ಕಣ್ಣು ಮಸುಕಾಗಿ ಕಿವಿಯೋ ಹಿಂದಿನ ಎಲೆಯೋ ಶಾರ್ಪ್ ಇದ್ದರೆ ಫೋಕಸ್ ತಪ್ಪಿದೆ. ಯಾವುದೂ ಶಾರ್ಪ್ ಇಲ್ಲದೆ, ಹೊಳೆಯುವ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಗೆರೆಯಾಗಿ ಎಳೆದುಕೊಂಡಿದ್ದರೆ ಕೈ ಅಲುಗಿದೆ. ನಿಂತದ್ದೆಲ್ಲ ಶಾರ್ಪ್, ಓಡುವುದು ಮಾತ್ರ ಮಸುಕು ಅಂದರೆ ಶಟರ್ ಸ್ಪೀಡ್ ಸಾಲದು. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡಿನ ಕೆಳಗಿನ ಸಂಖ್ಯೆ ಕನಿಷ್ಠ ಲೆನ್ಸ್‌ನ ಫೋಕಲ್ ಲೆಂತ್‌ನಷ್ಟಾದರೂ ಇರಲಿ: 200 ಎಂಎಂಗೆ 1/200 ಸೆಕೆಂಡ್. 1.5 ಕ್ರಾಪ್ ಇರುವ, ಅಂದರೆ ಸಣ್ಣ ಸೆನ್ಸರ್‌ನ, ಕ್ಯಾಮೆರಾದಲ್ಲಿ ಅದನ್ನು 1.5ರಿಂದ ಗುಣಿಸಿ; 200 ಎಂಎಂ ಲೆನ್ಸ್‌ಗೆ 1/300 ಸೆಕೆಂಡ್ ಬೇಕು. ಸ್ಟೆಬಿಲೈಸೇಷನ್ ಇದ್ದರೆ ಇದಕ್ಕಿಂತ ಕೆಳಗೆ ಹೋಗಬಹುದು, ಆದರೆ ಅದು ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು ಮಾತ್ರ, ಹಕ್ಕಿಯ ರೆಕ್ಕೆಯನ್ನಲ್ಲ. ಫೋಕಸ್ ತಪ್ಪಿದ ಫೋಟೊ ಸ್ಪರ್ಧೆಗೆ ಆಗಿಬರುವುದಿಲ್ಲ. ಅದರ ಮೇಲೆ ಇನ್ನೂ ಸಮಯ ಹಾಕಬೇಡಿ.

ಅಂಚುಗಳನ್ನು ಒಂದು ಸುತ್ತು ಬೆರಳಿಟ್ಟು ನೋಡಿ. ಕತ್ತರಿಸಿದ ಪಾದ, ಇಣುಕುವ ಕೊಂಬೆ, ಓರೆಯಾದ ನೀರಿನ ಗೆರೆ, ಇವೆಲ್ಲ ಅಲ್ಲೇ ಸಿಗುತ್ತವೆ.

ಎಲ್ಲ ಸರಿ, ಆದರೂ 5

ಇದು ಎಲ್ಲಕ್ಕಿಂತ ಕಷ್ಟದ ಸ್ಥಿತಿ. ಅಂಕಗಳೆಲ್ಲ 4, 5, 6ರಲ್ಲೇ ಕೂಡಿವೆ. ಫೋಕಸ್ ಸರಿ ಇದೆ, ಬೆಳಕು ಸರಿ ಇದೆ, ಥೀಮ್‌ಗೆ ಹೊಂದುತ್ತದೆ. ಕಾಮೆಂಟ್ ಒಂದೂ ಇಲ್ಲ.

ಇಲ್ಲಿ ಆ ಮೌನವೇ ಉತ್ತರ. ಜನ ಎರಡು ಹೊತ್ತಿನಲ್ಲಿ ನಿಂತು ಬರೆಯುತ್ತಾರೆ. ತುಂಬಾ ಇಷ್ಟವಾದಾಗ, ಅಥವಾ ಒಂದು ಮಾತಿನಲ್ಲಿ ಹೇಳಿಬಿಡಬಹುದಾದ ತಪ್ಪು ಕಂಡಾಗ. "ಸ್ವಲ್ಪ ಓರೆಯಾಗಿದೆ" ಅಂತ ಬರೆಯಲು ಐದು ಸೆಕೆಂಡ್ ಸಾಕು. "ಎಲ್ಲ ಚೆನ್ನಾಗಿದೆ, ಆದರೆ ನನಗೆ ಏನೂ ಅನ್ನಿಸಲಿಲ್ಲ" ಅಂತ ಯಾರಿಗೂ ಬರೆಯಲು ಮನಸ್ಸಾಗುವುದಿಲ್ಲ. ಅದು ಕ್ರೂರವಾಗಿ ಕಾಣುತ್ತದೆ, ಬರೆದರೂ ಎದುರಿನವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಹಾಗಾಗಿ 5 ಒತ್ತಿ ಮುಂದೆ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ಅಂಕ ಕೊಡಲು ಒಂದು ಸೆಕೆಂಡ್, ಸರಿಯಾದ ಕಾಮೆಂಟ್ ಬರೆಯಲು ಎರಡು ಮೂರು ನಿಮಿಷ ಬೇಕು. ಮುಂದೆ ಇನ್ನೂ ನೂರು ಫೋಟೊ ಕಾದಿರುತ್ತವೆ.

ಇಂಥ ಫೋಟೊಗೆ ಎಡಿಟಿಂಗ್ ಮದ್ದಲ್ಲ. ಸ್ಯಾಚುರೇಷನ್, ಕ್ಲಾರಿಟಿ ಏರಿಸಿದರೆ ಅಂಕ ಇನ್ನೂ ಇಳಿಯುತ್ತದೆ. ಅದೇ ಸಂದರ್ಭದಲ್ಲಿ ತೆಗೆದ ಬೇರೆ ಫ್ರೇಮ್‌ಗಳಿಗೆ ವಾಪಸ್ ಹೋಗಿ. ಹೂವಿನ ಮೇಲೆ ಚಿಟ್ಟೆ ನೆಟ್ಟಗೆ ಕೂತ ಅಚ್ಚುಕಟ್ಟಾದ ಫ್ರೇಮ್ ಕಳಿಸಿರುತ್ತೀರಿ. ಅದರ ಹಿಂದಿನದರಲ್ಲಿ ಚಿಟ್ಟೆ ಇಳಿಯುತ್ತಾ ರೆಕ್ಕೆ ಮಡಚಿ ಜೋಲಿ ಹೊಡೆದಿರುತ್ತದೆ, ಒಂದು ಕಾಲು ಗಾಳಿಯಲ್ಲಿರುತ್ತದೆ. "ಸರಿಯಾಗಿಲ್ಲ" ಅಂತ ನೀವು ಪಕ್ಕಕ್ಕಿಟ್ಟ ಆ ಫ್ರೇಮಿನಲ್ಲೇ ಏನೋ ನಡೆಯುತ್ತಿದೆ. ಸಾವಿರ ಸಲ ನೋಡಿದ ವಿಷಯದಲ್ಲಿ ಅಂಕ ತರುವುದು ಆ ಏನೋ.

ನೀವೇ ಮತದಾರರಾಗಿ

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವ ಪರೀಕ್ಷೆ ಇದು. ಸ್ವಲ್ಪ ತಾಳ್ಮೆ ಬೇಕು.

ಮುಂದಿನ ಸ್ಪರ್ಧೆಯ ಫಲಿತಾಂಶ ಬರುವ ಮೊದಲು ಅಲ್ಲಿನ 30 ಫೋಟೊಗಳನ್ನು ಬೇಕಾದ್ದನ್ನೇ ಆರಿಸದೆ ಸಾಲಾಗಿ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಐದು ಸೆಕೆಂಡ್ ಒಳಗೆ ಅಂಕ ಬರೆದಿಡಿ. ನಿಮ್ಮ ಫೋಟೊಗೆ ಎಷ್ಟು ಬರಬಹುದು ಅಂತಲೂ ಬರೆಯಿರಿ. ಫಲಿತಾಂಶ ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವ ಫೋಟೊ ಮೇಲೆ, ಯಾವುದು ಕೆಳಗೆ ಅನ್ನುವ ಕ್ರಮವನ್ನು ಹೋಲಿಸಿ. ಅಂಕ ಒಂದೇ ಇರಬೇಕಿಲ್ಲ, ಕ್ರಮ ಹೊಂದಿದರೆ ಸಾಕು.

ಬೇರೆಯವರ ಫೋಟೊಗಳ ಬಗ್ಗೆ ನಿಮ್ಮ ಕ್ರಮವೂ ಉಳಿದವರ ಕ್ರಮವೂ ಹತ್ತಿರ ಇದ್ದು, ನಿಮ್ಮ ಫೋಟೊದ ವಿಷಯದಲ್ಲಿ ಮಾತ್ರ ಅಂದಾಜು ತಪ್ಪಿದ್ದರೆ, ನಿಮ್ಮ ಕಣ್ಣು ಚೆನ್ನಾಗಿಯೇ ಇದೆ. ನಿಮ್ಮ ಫೋಟೊ ನೋಡುವಾಗ ಆ ದಿನದ ನೆನಪು ಜೊತೆಗೆ ಸೇರಿಕೊಳ್ಳುತ್ತಿದೆ, ಅಷ್ಟೇ. ಬೆಳಗಿನ ಜಾವ ಎದ್ದದ್ದು, ಮಂಜಿನಲ್ಲಿ ಕಾದದ್ದು ಫ್ರೇಮಿನೊಳಗೆ ಇಲ್ಲ. ಇದಕ್ಕೆ ಪರಿಹಾರ ಕಾಲ. ತೆಗೆದ ವಾರವೇ ಕಳಿಸದೆ ಒಂದೆರಡು ತಿಂಗಳು ಇಟ್ಟು, ಆಮೇಲೆ ಆರಿಸಿ. ಸಮಯ ಇಲ್ಲದಿದ್ದರೆ ಫೋಟೊವನ್ನು ಎಡಬಲ ತಿರುಗಿಸಿ ನೋಡಿ, ಸ್ವಲ್ಪ ಹೊತ್ತು ಅದು ಬೇರೆಯವರದ್ದರ ಹಾಗೆ ಕಾಣುತ್ತದೆ.

ಬೇರೆಯವರ ಫೋಟೊಗಳಲ್ಲೂ ಕ್ರಮ ಹೊಂದದಿದ್ದರೆ, ನೀವು ಮೇಲಿಟ್ಟದ್ದನ್ನೆಲ್ಲ ಅವರು ಕೆಳಗಿಟ್ಟಿದ್ದರೆ, ಆ ಜಾಗದ ರುಚಿಯೇ ನಿಮ್ಮದಕ್ಕಿಂತ ಬೇರೆ. ಗಾಢ ಬಣ್ಣದ ಸೂರ್ಯಾಸ್ತ ಗೆಲ್ಲುವ ಕಡೆ ನಿಮ್ಮ ಸದ್ದಿಲ್ಲದ ಬೀದಿ ಚಿತ್ರಗಳು ಸೋಲುತ್ತವೆ. ಅವರಿಗಾಗಿ ಬದಲಾಗುವ ಮೊದಲು ಬೇರೆ ಎರಡು ಸ್ಪರ್ಧೆಗಳ ಹಳೆಯ ವಿಜೇತರನ್ನು ನೋಡಿ, ಯಾವುದು ನಿಮ್ಮ ಮನೆ ಅನ್ನಿಸುತ್ತದೋ ಅಲ್ಲಿಗೆ ಕಳಿಸಿ. ನಿಯಮ ಒಪ್ಪಿದರೆ ಅದೇ ಫೋಟೊ ಕಳಿಸಿ. ಎರಡು ಮೂರು ಕಡೆಯೂ ಕೆಳಗಿನ ಕಾಲುಭಾಗದಲ್ಲೇ ಬಂದರೆ ಕಾರಣ ಫೋಟೊದಲ್ಲಿದೆ.

ಒಂದು ಎಚ್ಚರಿಕೆ. ತಿದ್ದಿ ಮತ್ತೆ ಕಳಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕ್ರಾಪ್, ಬಣ್ಣ, ಶೀರ್ಷಿಕೆ ಮೂರನ್ನೂ ಒಟ್ಟಿಗೆ ಬದಲಿಸಿ ಅಂಕ ಏರಿದರೆ ಯಾವುದರಿಂದ ಏರಿತು ಅಂತ ತಿಳಿಯುವುದೇ ಇಲ್ಲ.

ಬಾಯಿ ಬಿಡಿಸುವುದು

ವೋಟಿಂಗ್ ನಡೆಯುವಾಗ ಕೇಳಬೇಡಿ. ಹೆಸರು ಗುಟ್ಟಾಗಿರುವ ಸ್ಪರ್ಧೆಯಲ್ಲಿ ಅದು ನಿಯಮಕ್ಕೂ ವಿರುದ್ಧವಾಗಬಹುದು. ಮುಗಿದ ಮೇಲೆ ಕೇಳಿ. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಬರುತ್ತದೆ. "ಯಾಕೆ ಕಡಿಮೆ ಅಂಕ ಕೊಟ್ಟಿರಿ?" ಅಂದರೆ ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ ಅಥವಾ ಮಾಯವಾಗುತ್ತಾರೆ.

ಉತ್ತರ ಕೊಡಲು ಸುಲಭವಾದ ಪ್ರಶ್ನೆ ಕೇಳಿ. ಉದಾಹರಣೆಗೆ ಹೀಗೆ: "ಈ ಫೋಟೊ ಸ್ಪರ್ಧೆಯಲ್ಲಿ ಕೆಳಗೆ ಬಂತು. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಎರಡು ಕ್ರಾಪ್ ಹಾಕಿದ್ದೇನೆ, ಯಾವುದನ್ನು ಇಟ್ಟುಕೊಳ್ಳುತ್ತೀರಿ?" ಇದಕ್ಕೆ ಒಂದು ಸಾಲಿನ ಉತ್ತರ ಸಾಕು, ಯಾರ ಮನಸ್ಸೂ ನೋಯುವುದಿಲ್ಲ. ಅದಕ್ಕೂ ಮೊದಲು ನೀವು ಬೇರೆಯವರ ಫೋಟೊಗಳಿಗೆ ಇಂಥದೇ ಕೆಲಸಕ್ಕೆ ಬರುವ ಕಾಮೆಂಟ್ ಬರೆದಿದ್ದರೆ ಉತ್ತರ ಬರುವ ಸಾಧ್ಯತೆ ಜಾಸ್ತಿ.

ಉತ್ತರ ಬಂದಾಗ ವಾದ ಮಾಡಬೇಡಿ. ಬರೆದಿಟ್ಟುಕೊಳ್ಳಿ. ಒಬ್ಬರಿಗೊಬ್ಬರು ಪರಿಚಯ ಇಲ್ಲದ ಮೂವರು ಒಂದೇ ಜಾಗಕ್ಕೆ ಬೆರಳು ತೋರಿಸಿದರೆ ಅದನ್ನು ತಿದ್ದಿ. ಮೂವರು ಮೂರು ಕಡೆ ತೋರಿಸಿದರೆ ಫೋಟೊವನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋಗಿ.